ಬೈದ ತಪ್ಪಿಗೆ ಎತ್ತಂಗಡಿಯಾದ ಡಾಕ್ಟರಮ್ಮ

ವಿಚಾರಣಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರುಮಾಡಲು ಕೈ ಬರುತ್ತಿಲ್ಲ, ಕ್ಷಮಿಸಿ. ದಾವಣಗೆರೆಯ ಹೆರಿಗೆ ವಾರ್ಡಿನಿಂದ ಡಾಕ್ಟರ್ ಶಹರ್‌ಬಾನು ಅವರನ್ನು ಎತ್ತಂಗಡಿ ಮಾಡಿಸಿದಿರಿ. ಅದಕ್ಕೆ ನನ್ನ ಹೆಂಡತಿಯ ಮಾತನ್ನೇ ಸಾಕ್ಷಿ ಮಾಡಿಕೊಂಡಿರಿ. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ.

ಆಕೆ ಮದರಾಸಿನಲ್ಲಿ ಓದಿ ಬಂದವರು. ಕೆ.ಬಿ. ಬಡಾವಣೆಯಲ್ಲಿ ಸ್ವಂತ ಬೋರ್ಡು ಹಾಕಿಕೊಂಡು ಹಾಯಾಗಿರಬಹುದಿತ್ತು. ಹಾಗೆ ಮಾಡದೆ ಹನ್ನೊಂದು ವರ್ಷ, ಉಳಿದವರು ಕೈಚೆಲ್ಲಿದ ಬಸುರಿಯರನ್ನೇ ಹುಡುಕಿ ಹುಡುಕಿ ನೋಡಿದರು. ವಾರಕ್ಕೊಮ್ಮೆ ರೈಲು ಹತ್ತಿ ನಮ್ಮ ಹರಿಹರಕ್ಕೂ ಬರುತ್ತಿದ್ದರು. ನನ್ನ ಹೆಂಡತಿ ಉಡಚಮ್ಮನಿಗೆ ಎರಡು ಕೂಸು ಹೊಟ್ಟೆಯಲ್ಲೇ ತೀರಿಕೊಂಡಿದ್ದವು. ಮೂರನೆಯ ಸಲ ಏಳನೇ ತಿಂಗಳಲ್ಲಿ ತವರಿಗೆ ಕಳಿಸಲು ಗಾಡಿ ಗೊತ್ತು ಮಾಡಿದ್ದೆವು. ಅವಳ ಕಾಲು ಊದಿದ್ದನ್ನು ನೋಡಿ ನಮ್ಮವ್ವ “ಮೈ ತುಂಬೈತೆ” ಎಂದು ಸಂತೋಷಪಟ್ಟಿದ್ದಳು. ರಕ್ತದೊತ್ತಡ ನೋಡಿದ ಡಾಕ್ಟರಮ್ಮ ಸಿಡಿದೆದ್ದರು. “ಏನ್ರಿ ಮೇಷ್ಟ್ರೇ, ಹೆಂಡ್ತಿ ಬೇಕೋ ಬ್ಯಾಡೋ? ತವರಿಗೆ ಆಮ್ಯಾಲೆ ಕೂಸು ಎತ್ಕೊಂಡು ಹೋಗ್ಲಿ. ಈಗ ನನ್ನ ವಾರ್ಡಿಗೆ ನಡೀರಿ!” ಐವತ್ತು ದಿನ ಉಪ್ಪಿಲ್ಲದ ಊಟ, ಹಾಸಿಗೆಯಿಂದ ಏಳುವಂತಿಲ್ಲ. ಕೊನೆಗೆ ಮಗಳು ಹುಟ್ಟಿ ಕಿರುಚಿ ಅತ್ತಾಗ ಇಡೀ ವಾರ್ಡು ನಕ್ಕಿತು.

ಎರಡು ವರ್ಷದ ಮೇಲೆ ಯಾರದೋ ಮೂಗರ್ಜಿ ಹಿಡಿದುಕೊಂಡು ನೀವು ಬಂದಿರಿ. “ಹೆದರಬೇಡಮ್ಮ, ಇದ್ದದ್ದು ಇದ್ದ ಹಾಗೆ ಹೇಳು” ಎಂದಿರಿ. ಇವಳು ನಗುತ್ತಾ ಹೇಳಿದಳು: “ಭಾಳ ಬೈದ್ರು ರೀ! ತವರಿಗೆ ಬಿಡ್ಲಿಲ್ಲ, ಉಪ್ಪು ಮುಟ್ಟಿಸ್ಲಿಲ್ಲ. ನಮ್ಮವ್ವನೂ ನನ್ನ ಹಂಗೆ ಬೈದಿಲ್ಲ.” ನೀವು ಇಂಗ್ಲಿಷಿನಲ್ಲಿ ಬರೆದುಕೊಂಡಿರಿ. ಈಗ ಆದೇಶದಲ್ಲಿ ಏನಿದೆ? ರೋಗಿಯನ್ನು ನಿಂದಿಸಿದರಂತೆ, ಬಲವಂತವಾಗಿ ಕೂಡಿಹಾಕಿದರಂತೆ, ಆಹಾರ ತಡೆದರಂತೆ! ಸ್ವಾಮಿ, ಅವಳ ನಗು ಇಂಗ್ಲಿಷಿಗೆ ಬರಲಿಲ್ಲವೇ? ಬೈದವರ ಮೇಲೆ ಅವಳಿಗಿದ್ದ ಅಕ್ಕರೆ ತಿಳಿಯಲು ತಾವು ಇನ್ನೂ ಯಾವ ಪರೀಕ್ಷೆ ಪಾಸು ಮಾಡಬೇಕಿತ್ತು? ಅಂಥ ಡಾಕ್ಟರು ಈಗ ಯಾವುದೋ ಕಚೇರಿಯಲ್ಲಿ ಸಿಡುಬಿನ ಲಸಿಕೆಯ ಕಾಗದಗಳಿಗೆ ಮೊಹರು ಒತ್ತುತ್ತಾ ಕುಳಿತಿದ್ದಾರೆ.

ಸುದ್ದಿ ತಿಳಿದ ದಿನ ಉಡಚಮ್ಮ ಉಣ್ಣಲಿಲ್ಲ. “ನನ್ನ ಬಾಯಿಗೆ ಮಣ್ಣು ಹಾಕ, ನನ್ನಿಂದ ಅವ್ರಿಗೆ ಹಿಂಗಾತಲ್ಲ” ಎಂದು ಹಣೆ ಚಚ್ಚಿಕೊಂಡಳು. ಅವಳಿಗೀಗ ಮತ್ತೆ ಐದು ತಿಂಗಳು. ಹೋದ ವಾರದಿಂದ ಕಾಲು ಊದುತ್ತಿದೆ. ವಾರ್ಡಿಗೆ ಕರೆದೊಯ್ದರೆ, ಈಗಿರುವವರು “ನೋವು ಬಂದಮ್ಯಾಲೆ ಬರ್ರಿ” ಎಂದು ಸಾಗಹಾಕಿದರು.

ಆದ್ದರಿಂದ ಆದೇಶ ರದ್ದಾಗಲಿ, ಡಾಕ್ಟರಮ್ಮ ಈ ತಿಂಗಳೊಳಗೆ ತಮ್ಮ ವಾರ್ಡಿಗೆ ಮರಳಲಿ. ನೀವೂ ಹರಿಹರಕ್ಕೆ ಬಂದು ಉಡಚಮ್ಮನ ಹೇಳಿಕೆಯನ್ನು ಕನ್ನಡದಲ್ಲಿ ಇನ್ನೊಮ್ಮೆ ಬರೆದುಕೊಳ್ಳಿ. ಆ ದಿನ ನೀವು ಕಾಗದ ಮುಂದಿಟ್ಟಾಗ ನಾನು ಪಕ್ಕದಲ್ಲೇ ಇದ್ದೆ. ನನಗೆ ಇಂಗ್ಲಿಷ್ ಬರುತ್ತದೆ. ಆದರೂ ಓದಲಿಲ್ಲ. “ಸಾಹೇಬ್ರು ಬರ್ದಾರೆ, ಒತ್ತು” ಎಂದು ಅವಳ ಹೆಬ್ಬೆರಳನ್ನು ನಾನೇ ಹಿಡಿದು ಒತ್ತಿಸಿದೆ. “ನೀವು ಯಾಕ ಓದ್ಲಿಲ್ಲ?” ಎಂದು ಅವಳು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ.

ಇಂತಿ,
ಊರ ಮಕ್ಕಳಿಗೆಲ್ಲ ಓದು ಕಲಿಸುವ
ಮಾಲತೇಶಪ್ಪ ಮೇಷ್ಟ್ರು
ಹರಿಹರ, 1962