ಹೆಪ್ಪುಗಟ್ಟಿದ ಕಿಟ್

ಜೂನ್ ೯, ಸೋಮವಾರ

ರಕ್ತಪರೀಕ್ಷೆಯ ಕಿಟ್ ಇವತ್ತೂ ಬರಲಿಲ್ಲ. ಟ್ರ್ಯಾಕಿಂಗಿನಲ್ಲಿ ಮಾತ್ರ ‘ಡೆಲಿವರ್ಡ್’. ಯಾರಿಗೆ? ಕಿಟ್ ತರಿಸಿಕೊಡುವ ಏಜೆನ್ಸಿಯ ಅತೀಕ್‌ಗೆ ಫೋನ್ ಮಾಡಿದೆ.

“ಹರಿಹರದಾಗೆ ಯಾರೋ ಸೈನ್ ಮಾಡ್ಯಾರ್ರಿ ಮೇಡಂ. ನಿಮ್ಮ ಫೋನ್ ನಂಬರಿನಾಗೆ ಒಂದಂಕಿ ತಪ್ಪೈತೆ, ಕೊರಿಯರ್‌ನವ್ರು ಆ ನಂಬರಿಗೆ ಫೋನ್ ಮಾಡಿ ಅಲ್ಲೇ ಕೊಟ್ಟಾರೆ.”

ಎಷ್ಟು ನೆಮ್ಮದಿಯಾಗಿ ಹೇಳುತ್ತಾನೆ!

ಸಂಜೆ

ದಾವಣಗೆರೆಯಿಂದ ಬಸ್ಸಿನಲ್ಲಿ ನಿಂತೇ ಹೋದೆ. ಸೈನ್ ಮಾಡಿದಾಕೆ ಗುಲ್ಷನ್, ಟೈಲರ್. ದಾರದ ಪಾರ್ಸೆಲ್ ಅಂದುಕೊಂಡು ತೆಗೆದುಕೊಂಡಿದ್ದಾರೆ. “ಬಿಚ್ಚಿದ್ರೆ ಔಷಧಿ ಇದ್ದಂಗಿತ್ತು. ಕೆಡಬಾರ್ದು ಅಂತ ಫ್ರೀಜರ್‌ನಾಗೆ ಇಟ್ಟೀನಮ್ಮ.”

ಫ್ರೀಜರ್! ಫ್ರಿಜ್ಜಿನ ತಂಪು ಸಾಕು, ಹೆಪ್ಪುಗಟ್ಟಬಾರದು ಅಂತ ಡಬ್ಬಿಯ ಮೇಲೇ ಇದೆ, ಇಂಗ್ಲಿಷಿನಲ್ಲಿ. ಅವರು ಕೊಟ್ಟ ಚಹಾ ಕುಡಿದು, ಕಿಟ್ ಎತ್ತಿಕೊಂಡು ಬಂದೆ.

ಜೂನ್ ೧೦

ರೋಗಿಗಳ ರಕ್ತದ ಸ್ಯಾಂಪಲ್ ಮುಟ್ಟದೆ, ಮೊದಲು ಕಿಟ್ಟಿನ ಜೊತೆ ಬರುವ ಸ್ಟ್ಯಾಂಡರ್ಡ್, ಅಂದರೆ ಅಳತೆ ಗೊತ್ತಿರುವ ದ್ರಾವಣ, ಮಾತ್ರ ಹಾಕಿದೆ. ಕಿಟ್ ಅಳೆಯುವುದು ಗಾಯದಲ್ಲಿ ಹೊಸ ರಕ್ತನಾಳ ಬೆಳೆಸುವ ಪ್ರೋಟೀನು — ಹೆಚ್ಚಿದ್ದರೆ ಗಾಢ ನೀಲಿ, ಕಡಿಮೆಯಿದ್ದರೆ ತಿಳಿ ನೀಲಿ. ಬಂದದ್ದು ತಟ್ಟೆಯ ಎಲ್ಲಾ ಗುಳಿಯಲ್ಲೂ ಬಣ್ಣವಿಲ್ಲದ ಬರೀ ನೀರು. ಕಿಟ್ ಸತ್ತಿದೆ.

ನನ್ನ ಸಂಶೋಧನೆಯ ಗೈಡ್ ಪಂಚಾಕ್ಷರಪ್ಪ ಸರ್‌ಗೆ ಹೇಳಿದೆ.

“ಶುಕ್ರವಾರ ಕಾನ್ಫರೆನ್ಸಿಗೆ ಅಬ್‌ಸ್ಟ್ರಾಕ್ಟ್ ಕಳಿಸ್ಬೇಕು, ಪದ್ಮಶ್ರೀ. ಸ್ಯಾಂಪಲ್ ಹಾಕ್ಬಿಡ್ರಿ. ಬಣ್ಣದಿಂದ ಅಳತೆ ತೆಗೆಯಾಕೆ ಹಳೇ ಕಿಟ್ಟಿನ ಗ್ರಾಫ್ ಐತಲ್ಲ, ಅದನ್ನೇ ಹಚ್ಚಿದ್ರಾತು.”

“ಆಗಲ್ಲ ಸರ್.”

ನಾನೇ ಅಂದದ್ದು. ಚಿಕಿತ್ಸೆಗೆ ಮುಂಚೆ ತೆಗೆದ ರಕ್ತ ಅದು. ಇರುವುದೇ ಚೂರು. ಚೆಲ್ಲಿಕೊಂಡರೆ ಮತ್ತೆ ಎಲ್ಲಿಂದ ತರಲಿ?

“ಗೈಡ್ ನಾನೋ, ನೀವೋ?”

ಸ್ಯಾಂಪಲ್ ಇಟ್ಟ ಫ್ರೀಜರಿಗೆ ಬೀಗ ಹಾಕಿ ಬಂದೆ. ಕೀ ನನ್ನ ಬ್ಯಾಗಿನಲ್ಲಿದೆ.

ಜೂನ್ ೧೩

ಅಬ್‌ಸ್ಟ್ರಾಕ್ಟ್ ಹೋಗಲಿಲ್ಲ. ಸರ್ ಮಾತು ಬಿಟ್ಟಿದ್ದಾರೆ. ಹೊಸ ಕಿಟ್ ಯಾವಾಗ? ಅತೀಕ್: “ಮುಂದಿನ್ ವಾರ ಗ್ಯಾರಂಟಿ.”

ಜುಲೈ ೮

ಇನ್ನೂ ‘ಮುಂದಿನ್ ವಾರ’...

ಭಾನುವಳ್ಳಿಯ ಕಸ್ತೂರಮ್ಮ ಡ್ರೆಸ್ಸಿಂಗಿಗೆ ಬಂದಿದ್ದರು. ಸಕ್ಕರೆ ಕಾಯಿಲೆ, ಪಾದದಲ್ಲಿ ಗಾಯ. ನಾವು ಮೊದಲು ರಕ್ತ ತೆಗೆದದ್ದು ಅವರದ್ದೇ.

“ನನ್ನ ರಕ್ತದಾಗೆ ಏನ್ ಬಂತವ್ವ?”

“ಇನ್ನೂ ನೋಡಿಲ್ಲಮ್ಮ.”

“ಇನ್ನೂ ನೋಡಿಲ್ಲೇನು? ಗಾಯ ಮಾಯಾಕೆ ಹತ್ತೈತೆ, ನೋಡಿಲ್ಲಿ.”

ಕಾಲು ಮುಂದೆ ಚಾಚಿದರು. ಅಂಚಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ. ಖುಷಿಯಾಯಿತು. ಬೆನ್ನಿಗೇ ಸಿಟ್ಟೂ ಬಂತು. ಆಕೆಯ ಮೈ ತನ್ನ ಕೆಲಸ ಮಾಡುತ್ತಿದೆ, ನಾವು ಕೊರಿಯರ್ ಕಾಯುತ್ತಾ ಕೂತಿದ್ದೇವೆ.

ಜುಲೈ ೧೭, ಮಧ್ಯಾಹ್ನ

ನಿನ್ನೆ ಕಿಟ್ ಬಂತು. ಕೊರಿಯರ್ ಆಫೀಸಿಗೆ ನಾನೇ ಹೋಗಿ ತಂದೆ. ಸ್ಟ್ಯಾಂಡರ್ಡ್ ಹಾಕಿ ನೋಡಿದೆ, ಹಾಳಾಗಿಲ್ಲ. ಇವತ್ತು ಸ್ಯಾಂಪಲ್ ಹಾಕಿದೆ, ಈಗ ಕೊನೇ ಹಂತ. ಬಣ್ಣ ಏರುವವರೆಗೆ ಕೈಗೆ ಕೆಲಸವಿಲ್ಲ — ಬರೆಯುತ್ತಾ ಕೂತಿದ್ದೇನೆ.

ಸರ್ ಬಂದರು. ಸ್ಟೂಲ್ ಎಳೆದು ಪಕ್ಕದಲ್ಲೇ ಕೂತರು.

“ಬಣ್ಣ ಬಂತೇನ್ರಿ?”

“ಬರ್ತಿದೆ ಸರ್.”

ಬಗ್ಗಿ ನೋಡಿದರು, ಬಹಳ ಹೊತ್ತು. “ನಿಮ್ಮ ಕಸ್ತೂರಮ್ಮಂದು ಯಾವುದು?”

ತೋರಿಸಿದೆ. ನಾವು ಎಣಿಸಿದ್ದಕ್ಕಿಂತ ಎಷ್ಟೋ ಗಾಢ ನೀಲಿ; ಆ ಪ್ರೋಟೀನು ಆಕೆಯಲ್ಲಿ ಮೊದಲೇ ಹೇರಳವಾಗಿತ್ತು. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡುತ್ತಿದ್ದಾರೆ. ಟೈಮರ್ ಹೊಡೆಯಿತು, ಬಣ್ಣ ಏರುವುದನ್ನು ನಿಲ್ಲಿಸುವ ಸ್ಟಾಪ್ ಸೊಲ್ಯೂಷನ್ ಹಾಕ—