ಅವ್ವನ ಹಾಡಿನಿಂದ ಕತ್ತರಿಸಿದ್ದು

ದಾಂಡೇಲಿ
17 ನವೆಂಬರ್ 2024

ಪ್ರೀತಿಯ ನೀಲಕ್ಕನಿಗೆ,

ತಂಗಿ ಸ್ವಪ್ನಾಳ ನಮಸ್ಕಾರ. ಅಲ್ಲಿ ಪಾಳಾದಲ್ಲಿ ನಿಮ್ಮ ಭತ್ತದ ಕೊಯ್ಲು ಮುಗಿದಿರಬೇಕು. ಫೋನಿನಲ್ಲಿ ಹೇಳೋಣವೆಂದರೆ ನೀನು 'ಹಲೋ' ಅನ್ನುತ್ತಲೇ ಮಳೆ-ಬೆಳೆಯ ಮಾತು ತೆಗೆದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಹಾಡಿನ ಸ್ಟುಡಿಯೋ ಹೇಗೋ ನಡೆಯುತ್ತಿದೆ. ದನಿ ಮಾರ್ದನಿಸದಿರಲೆಂದು ಮನೆಯ ಹಿಂದಿನ ಖೋಲಿಯ ಗೋಡೆಗೆಲ್ಲ ಕೌದಿ ಇಳಿಬಿಟ್ಟಿದ್ದೇನೆ. ಮೊನ್ನೆ ಭಜನಾ ಮೇಳದ ಅಂದಾನೆಪ್ಪ ಒಳಗೆ ಕಾಲಿಟ್ಟವರೇ, "ತಂಗಿ, ಇಲ್ಲಿ ಹಾಡೂದೋ, ಮಲಗೂದೋ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವ್ವ ಹೋಗಿ ಇನ್ನೂ ವರ್ಷ ತುಂಬಿಲ್ಲ. ನಕ್ಕ ಮೇಲೆ ಹೊರಗೆ ಹೋಗಿ ನಿಂತುಕೊಂಡೆ. ಮೊಬೈಲಿನಲ್ಲಿ ನೋಡಿ ನೋಡಿ ಈ ಕೆಲಸ ಕಲಿತವಳು ನಾನು. ಹಾಡಿನ ನಡುವೆ ಕಾಗದದ ಗಿರಣಿಯ ಭೋಂಗಾ ಕೂಗಿದರೆ, ಆ ಸದ್ದು ತೆಗೆಯಲು ಬಾರದೆ, ಇವತ್ತಿಗೂ ಮೊದಲಿನಿಂದ ಹಾಡಿಸುತ್ತೇನೆ. ಆದರೂ ಬಿಡುವುದಿಲ್ಲ ಎಂಬ ಹಟ.

ಅವ್ವನ ಬೀಸುವ ಪದ ಕಳಿಸಿದ್ದೆನಲ್ಲ, ಇಲ್ಲಿ ನಾನು ರೆಕಾರ್ಡ್ ಮಾಡಿದ ಮೊದಲ ಹಾಡೇ ಅದು. ಕೇಳಿ ನೀನು, "ದನಿ ಅವ್ವಂದ ಐತಿ, ಆದ್ರ ಅವ್ವ ಎಲ್ಲಿ? ನಡುವ ಯಾರಿಗೂ ಬೈಲಾರದಂಗ ಆಕಿ ಯಾವಾಗ ಹಾಡ್ಯಾಳ?" ಅಂದೆ. ಮೈಕು ಹಾಡನ್ನಷ್ಟೇ ಹಿಡಿಯುತ್ತದೆ ಅಕ್ಕಾ ಅಂದೆ ನಾನು. ಸುಳ್ಳು. ಅದು ಎಲ್ಲವನ್ನೂ ಹಿಡಿದಿತ್ತು. ಹಾಡು ಸ್ವಚ್ಛವಾಗಲೆಂದು ನಾನೇ ಕತ್ತರಿಸಿದೆ. ಕೋಳಿಗೆ ಬೈದದ್ದು, "ಏ ಸ್ವಪ್ನಾ, ಒಲಿ ಮ್ಯಾಲ ಹಾಲ ಇಟ್ಟ ಇಲ್ಲಿ ಬಂದ ಕುಂತೀಯಲ್ಲ, ನಿನ್ನ ಸ್ಟುಡಿಯೋಕ್ಕ ಬೆಂಕಿ ಹತ್ತಲಿ" ಅಂದದ್ದು, ಎಲ್ಲ.

ಅಷ್ಟೇ ಆಗಿದ್ದರೆ ಈ ಪತ್ರ ಬೇಕಿರಲಿಲ್ಲ. ಬೈದಾದ ಮೇಲೆ ಅವ್ವ ಇನ್ನೊಂದು ಮಾತು ಆಡಿದ್ದಾಳೆ: "ಸಾಕ ಮಾಡವಾ, ದಮ್ಮ ಹತ್ತಾಕತ್ತೈತಿ. ಎದ್ಯಾಗ ಹಿಡದಂಗ ಆಗತೈತಿ." ಮುಂದಿನ ತಿಂಗಳೇ ಧಾರವಾಡದ ಆಸ್ಪತ್ರೆ. ಡಾಕ್ಟರ ಕೋಣೆಯ ಹೊರಗೆ ನೀನು ನನ್ನ ಕೈ ಹಿಡಿದು, "ಮದಲ ಏನರ ಅಂದಿದ್ಲೇನ?" ಎಂದು ಕೇಳಿದೆ. ಏನೂ ಅಂದಿರಲಿಲ್ಲ ಅಂದೆ. ನೀನು ನಂಬಿದೆ. ಅವ್ವ ಯಾರಿಗೂ ಹೇಳದೆ ನೋವು ನುಂಗಿಕೊಂಡಳು ಎಂದು, ಆಕೆ ಹೋದಾಗ ಮಾತಾಡಿಸಲು ಬಂದವರಿಗೆಲ್ಲ ನೀನು ಹೇಳಿ ಅಳುತ್ತಿದ್ದಾಗ ನಾನು ಪಕ್ಕದಲ್ಲೇ ಚಹಾ ಸೋಸುತ್ತಿದ್ದೆ.

ಕತ್ತರಿಸಿದ್ದನ್ನು ಅಳಿಸಿಲ್ಲ. ಪೂರ್ತಿ ಹಾಡನ್ನು ಪೆನ್‌ಡ್ರೈವಿಗೆ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ಮನೆಯಲ್ಲಿ ಯಾರೂ ಇಲ್ಲದಾಗ ಕೇಳು. ಆಮೇಲೆ ಬೈ, ಇಲ್ಲವೇ ನನ್ನ ಜೊತೆ ಮಾತು ಬಿಡು. ಸ್ಟುಡಿಯೋ ಮುಚ್ಚು ಎಂದು ಮಾತ್ರ ಹೇಳಬೇಡ. ನೀನು ಹೇಳಿದರೆ ಮುಚ್ಚಿಬಿಡುತ್ತೇನೆ.

ನಿನ್ನ ಮುಂದೆ ತಲೆ ಎತ್ತಲಾರದ ತಂಗಿ,
ಸ್ವಪ್ನಾ

ತಾ.ಕ.: ಅವ್ವ ಸಾಕು ಅಂದ ಮೇಲೆ ಅದರಲ್ಲಿ ಇನ್ನೊಂದು ದನಿ ಕೇಳುತ್ತದೆ. ಅದು ನನ್ನದು. "ಇನ್ನೊಂದ ನುಡಿ ಹಾಡ ಅವ್ವಾ, ಭಾಳ ಚಲೋ ಬರಾಕತ್ತೈತಿ." ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ ಅವ್ವ ಇನ್ನೊಂದು ನುಡಿ ಹಾಡುತ್ತಾಳೆ. ಸ್ಟುಡಿಯೋಕ್ಕೆ ಬಂದವರಿಗೆಲ್ಲ ನಾನು ಮೊದಲು ಕೇಳಿಸುವುದು ಆ ನುಡಿಯನ್ನೇ.