ಪಟ್ಟಿ ಸರಿಸಿದ ಬೆರಳು

೧೪ ಮಾರ್ಚ್, ಗುರುವಾರ

ಈ ಹೆಬ್ಬೆರಳನ್ನು ಏನು ಮಾಡಲಿ?

ಆಟಿಕೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನನ್ನದು ಒಂದೇ ಕೆಲಸ: ಆಯಸ್ಕಾಂತದ ಸ್ಲೇಟಿನ ಮೇಲೆ ಗೆರೆ ಎಳೆದು, ಕೆಳಗಿನ ಪಟ್ಟಿ ಸರಿಸಿ, ಪೂರ್ತಿ ಅಳಿಯಿತೇ ಎಂದು ನೋಡುವುದು. ಧೂಳಿಲ್ಲದ ಕಪ್ಪುಹಲಗೆ ಮಾಡಲು ಹೊರಟವರಿಗೆ ಈ ಆಟಿಕೆ ಹೊಳೆಯಿತಂತೆ. ಗಂಟಲ ಆಪರೇಷನ್ ಆದಮೇಲೆ ನನ್ನಾಕೆಗೆ ಅದೇ ಬಾಯಿಯಾಗಿತ್ತು. "ಟೀ ಸಪ್ಪೆ" ಎಂದು ಅದರಲ್ಲೇ ಬರೆದು ಗದರುತ್ತಿದ್ದಳು.

ಅವಳು ತೀರಿಕೊಂಡು ನಾಲ್ಕು ದಿನ. ಇವತ್ತು ಆಸ್ಪತ್ರೆಯವರು ಅವಳ ಚೀಲ ಕೊಟ್ಟರು. ಸ್ಲೇಟಿನ ತುಂಬ ಅವಳ ಅಕ್ಷರ. ಕನ್ನಡಕ ಹುಡುಕುವಷ್ಟರಲ್ಲಿ ಹೆಬ್ಬೆರಳು ಪಟ್ಟಿ ಸರಿಸಿಬಿಟ್ಟಿತು.

"ಅಪ್ಪಾ, ಅಮ್ಮ ಏನ್ ಬರ್ದಿದ್ಲು?" ಎಂದಳು ಮಗಳು.

"ನಿನ್ನ ಹೆಸರು ಕಣಮ್ಮ" ಎಂದೆ.

ಈಗ ದೀಪಕ್ಕೆ ಓರೆಯಾಗಿ ಹಿಡಿದು ನೋಡಿದೆ. ಒಂದು ಚುಕ್ಕೆಯೂ ಉಳಿದಿಲ್ಲ. ಒಳ್ಳೆ ಸ್ಲೇಟು. ನಾನೇ ಪಾಸು ಮಾಡಿ ಕಳಿಸಿದ್ದಿರಬೇಕು.